ಒಂದು ತಂತಿ ನಮ್ಮದು, ಒಂದು ಅವರದು

ಸ್ವಿಚ್ಚು ಮುಟ್ಟುವ ಮೊದಲು ನಾನು ಎರಡೂ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತೇನೆ. ಕೈ ಒದ್ದೆಯಾಗಿರಲಿ, ಒಣಗಿರಲಿ. ಒರೆಸಿಕೊಂಡು, ಕಾಲಲ್ಲಿ ರಬ್ಬರ್ ಚಪ್ಪಲಿ ಇದೆಯೇ ಎಂದು ಒಮ್ಮೆ ಕೆಳಗೆ ನೋಡಿ, ಆಮೇಲೆ ತೋರುಬೆರಳಿನ ತುದಿಯಿಂದ ಟಪ್ಪೆಂದು ಒತ್ತಿ ಕೈ ಹಿಂದಕ್ಕೆಳೆದುಕೊಳ್ಳುತ್ತೇನೆ, ಮಲಗಿದ ನಾಯಿಯ ಬಾಲ ಮುಟ್ಟಿದವರ ಹಾಗೆ. ಮೊನ್ನೆ ಮೊಮ್ಮಗಳು ಅಮ್ಮು ಇದನ್ನು ತನ್ನ ಗೆಳತಿಯರ ಮುಂದೆ ಅಭಿನಯಿಸಿ ತೋರಿಸುತ್ತಿದ್ದಳು. ಚೆನ್ನಾಗಿಯೇ ಮಾಡಿದಳು. ಚಪ್ಪಲಿ ನೋಡುವುದನ್ನು ಮಾತ್ರ ಮರೆತಿದ್ದಳು. ನಾನು ಹೋಗಿ ತಿದ್ದಿದೆ.

ಈ ಅಭ್ಯಾಸ ಬಂದದ್ದು ಕಾಸರಗೋಡಿನ ನಮ್ಮ ತಂದೆಯವರಿಂದ. ನಾನು ಚಿಕ್ಕವಳಿದ್ದಾಗ ಮನೆಗೆ ಕರೆಂಟು ಬಂತು. ಬಂದ ದಿನವೇ ತಂದೆ ಊಟದ ಮಣೆಗಳಲ್ಲಿ ಅತ್ಯಂತ ದಪ್ಪನೆಯದೊಂದನ್ನು ಆರಿಸಿ ಮೈನ್ ಸ್ವಿಚ್ಚಿನ ಕೆಳಗೆ ಇಟ್ಟರು. ಅದರ ಮೇಲೆ ನಿಂತೇ ಸ್ವಿಚ್ಚು ಹಾಕಬೇಕು. ಆ ಮಣೆಯ ಮೇಲೆ ಮತ್ತೆ ಯಾರೂ ಊಟಕ್ಕೆ ಕೂರುವಂತಿಲ್ಲ. ಹೊಸ ನೆಂಟರೊಬ್ಬರು ತಿಳಿಯದೆ ಅದನ್ನು ಎಳೆದುಕೊಂಡು ಎಲೆಯ ಮುಂದೆ ಕೂತಾಗ ತಂದೆ ಬಹಳ ವಿನಯದಿಂದ, "ಸ್ವಲ್ಪ ಏಳ್ತೀರಾ? ಅದು ಕರೆಂಟಿನ ಮಣೆ" ಎಂದರು. ನೆಂಟರು ಎಷ್ಟು ಬೇಗ ಎದ್ದರೆಂದರೆ ಎಲೆಯ ಮೇಲಿದ್ದ ಉಪ್ಪೆಲ್ಲ ಹಾರಿಹೋಯಿತು.

ಆಮೇಲೆ ನರ್ಸಿಂಗ್ ಕಲಿಯಲು ತಿರುವನಂತಪುರಕ್ಕೆ ಹೋದೆ. ಅಲ್ಲಿನ ಹಾಸ್ಟೆಲಿನಲ್ಲಿ ಮಂಚದ ಹಾಸಿಗೆ ಹಾಸುವುದಕ್ಕೂ ಪರೀಕ್ಷೆ. ನಾಲ್ಕು ಮೂಲೆಯ ಮಡಿಕೆಯೂ ಒಂದೇ ರೀತಿ ಇರಬೇಕು. ಇಲ್ಲದಿದ್ದರೆ ಮೇಟ್ರನ್ ಒಂದು ಮಾತೂ ಆಡದೆ ಚಾದರವನ್ನು ಎಳೆದು ನೆಲಕ್ಕೆ ಹಾಕಿ ಮುಂದೆ ನಡೆಯುತ್ತಿದ್ದರು. ಉಳಿದ ಹುಡುಗಿಯರು ಆಕೆಯನ್ನು ಶಪಿಸಿದರು. ನಾನು, ಹೇಳಲು ನಾಚಿಕೆ, ಆಕೆಯನ್ನು ಪ್ರೀತಿಸಿದೆ. ಯಾವುದು ಎಲ್ಲಿರಬೇಕು, ಯಾವಾಗ ಆಗಬೇಕು ಎಂದು ಇಷ್ಟು ಖಚಿತವಾಗಿ ಹೇಳುವವರು ಲೋಕದಲ್ಲಿ ಎಷ್ಟು ಜನ ಸಿಗುತ್ತಾರೆ? ಕೊಚ್ಚಿಯ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿ ನಿವೃತ್ತಳಾಗುವವರೆಗೂ ನನ್ನ ವಾರ್ಡಿನಲ್ಲಿ ಅದೇ ಮಡಿಕೆ. ಈಗಲೂ ಆಲುವದ ನಮ್ಮ ಬೀದಿಗೆ ನಾನು ಸಿಸ್ಟರೇ. ನನ್ನ ಹೆಸರು ಪೋಸ್ಟ್‌ಮ್ಯಾನಿಗೆ ಮಾತ್ರ ಗೊತ್ತು.

ಆಲುವದ ಮನೆ ನಾವು ಕೊಳ್ಳುವಾಗಲೇ ಹಳೆಯದು. ಹೆಂಚಿನ ಮಾಡು, ಕೆಂಪು ಗಾರೆಯ ನೆಲ, ಹಿಂದೆ ಬಾವಿ. ಗೋಡೆಯುದ್ದಕ್ಕೂ ಮರದ ಪಟ್ಟಿ ಹೊಡೆದು, ಅದರ ಮೇಲೆ ತಗಡಿನ ಕ್ಲಿಪ್ಪಿನಿಂದ ಬಿಗಿದ ತಂತಿಗಳು. ಸುಣ್ಣ ಬಳಿದಾಗಲೆಲ್ಲ ತಂತಿಗೂ ಬಳಿದು ಬಳಿದು, ಅವು ತಂತಿಯೋ ಗೆದ್ದಲಿನ ದಾರಿಯೋ ತಿಳಿಯುತ್ತಿರಲಿಲ್ಲ. ಗುಂಡಗಿನ ಕಪ್ಪು ಸ್ವಿಚ್ಚುಗಳು, ಎರಡೇ ತೂತಿನ ಪ್ಲಗ್ಗುಗಳು, ಬಾಗಿಲ ಮೇಲೆ ಪಿಂಗಾಣಿಯ ಫ್ಯೂಸುಗಳು.

ಆ ಫ್ಯೂಸುಗಳೇ ನಮ್ಮ ಮನೆಯ ನಿಜವಾದ ಯಜಮಾನರು. ಪಂಪು ಓಡುವಾಗ ಇಸ್ತ್ರಿ ಇಲ್ಲ. ರುಬ್ಬುವ ಯಂತ್ರ ತಿರುಗುವಾಗ ಪಂಪಿಲ್ಲ. ಮಿಕ್ಸಿ ಹಾಕುವವರು ಮೊದಲು "ಮಿಕ್ಸಿ!" ಎಂದು ಕೂಗಬೇಕು, ಒಳಗಿನಿಂದ "ಆಗಬಹುದು" ಎಂಬ ಉತ್ತರ ಬಂದ ಮೇಲೆ ಹಾಕಬೇಕು. ಇದನ್ನೆಲ್ಲ ನಾನು ಒಂದು ಶಿಸ್ತಾಗಿ ಕಟ್ಟಿ ನಿಲ್ಲಿಸಿದ್ದೆ. ಬಂದವರು "ಎಷ್ಟು ಅಚ್ಚುಕಟ್ಟಾದ ಸಂಸಾರ!" ಎಂದು ಹೊಗಳಿದಾಗ ನಾನು ಬೀಗುತ್ತಿದ್ದೆ. ಅದು ನನ್ನ ಗುಣವಲ್ಲ, ತಂತಿಯ ದುರ್ಗುಣ ಎಂದು ತಿಳಿಯಲು ಸೊಸೆ ಬರಬೇಕಾಯಿತು.

ಸೊಸೆ ಶೀಜ ತಿರುವನಂತಪುರದವಳು. ಮಗ ಪ್ರಸಾದ ಅಲ್ಲಿನ ಕಂಪ್ಯೂಟರ್ ಕಚೇರಿಯೊಂದರಲ್ಲಿದ್ದ; ಪಾಳಯಂ ಹತ್ತಿರದ ಬೇಕರಿಯಲ್ಲಿ ಅವಳು ಕೇಕು ಮಾಡುತ್ತಿದ್ದಳು; ಅವನು ದಿನಾ ಹೋಗಿ ತಿನ್ನುತ್ತಿದ್ದ. ಮುಂದಿನದನ್ನು ನೀವೇ ಊಹಿಸಿಕೊಳ್ಳಿ. ಅಮ್ಮು ಹುಟ್ಟುವಾಗ ಅವಳು ಕೆಲಸ ಬಿಟ್ಟಳು. ಮಗುವಿಗೆ ನರ್ಸರಿ ವಯಸ್ಸಾದಾಗ, ಅಜ್ಜಿ ತಾತ ಇರುವ ಕಡೆ ಬೆಳೆಯಲಿ ಎಂದು ನಮ್ಮಲ್ಲಿಗೆ ಬಂದು ನಿಂತಳು. ಪ್ರಸಾದ ವಾರದ ಕೊನೆಗೆ ರೈಲಿನಲ್ಲಿ ಬಂದುಹೋಗುತ್ತಿದ್ದ. ಬರುವಾಗ ಶೀಜ ತನ್ನ ಸಂಬಳದಲ್ಲಿ ಕೂಡಿಸಿ ಕೊಂಡಿದ್ದ ದೊಡ್ಡ ಎಲೆಕ್ಟ್ರಿಕ್ ಓವನ್ನನ್ನೂ ತಂದಳು. ಆಲುವ ಸ್ಟೇಷನ್ನಿನಲ್ಲಿ ಅದನ್ನು ಹೊತ್ತ ಪೋರ್ಟರು, "ಒಳಗೇನು ಮೋಳೇ, ತಿಜೋರಿಯಾ?" ಎಂದು ಮಗಳೆಂದೇ ಕರೆದು ಕೇಳಿದನಂತೆ.

"ಅದಕ್ಕಿಂತ ಜಾಸ್ತಿ ಚೇಟ್ಟಾ" ಎಂದು ಇವಳೂ ಅವನನ್ನು ಅಣ್ಣನಾಗಿಸಿ ಉತ್ತರಿಸಿದಳಂತೆ.

ಬಂದ ಮರುದಿನವೇ ಅದನ್ನು ಅಡುಗೆಮನೆಯ ಪ್ಲಗ್ಗಿಗೆ ಹಾಕಿದಳು. ಓವನಿನ ಒಳಗೆ ಕೆಂಪು ಬೆಳಕು ಹತ್ತಿತು. ಆಹಾ ಎನ್ನುವಷ್ಟರಲ್ಲಿ ಬಾಗಿಲ ಮೇಲೆ ಢಂ ಎಂದಿತು. ಮರದ ಪಟ್ಟಿಯಿಂದ ಹೊಗೆ ಬಂತು. ಸುಟ್ಟ ರಬ್ಬರಿನ ವಾಸನೆ. ನಮ್ಮ ಮನೆಯವರು ಮುಂಡು ಎತ್ತಿಕಟ್ಟಿ ಏಣಿ ತಂದರು.

ಇವರ ಬಗ್ಗೆ ಎರಡು ಮಾತು. ಏಲೂರಿನ ಕಾರ್ಖಾನೆಯೊಂದರ ಲೆಕ್ಕದ ವಿಭಾಗದಲ್ಲಿದ್ದವರು. ಇಲ್ಲಿಯವರಿಗೆ ರಾವ್ ಸಾರ್. ತಾವು ಅರ್ಧ ಎಂಜಿನಿಯರು ಎಂದು ಅವರಿಗೆ ನಂಬಿಕೆ. ಯಾವ ಅರ್ಧ ಎಂದು ನಾನು ಕೇಳಲು ಹೋಗಿಲ್ಲ.

"ದಪ್ಪ ತಂತಿ ಹಾಕಿದರೆ ಆಯ್ತು ಮಾರಾಯ್ತಿ. ಫ್ಯೂಸು ಹೋಗ್ಲಿಕ್ಕೇ ಇಲ್ಲ" ಎಂದರು ಏಣಿಯ ಮೇಲಿಂದ.

"ಫ್ಯೂಸು ಹೋಗ್ಲಿಕ್ಕಿಲ್ಲ, ಮನೆ ಹೋಗ್ತದೆ. ಇಳೀರಿ ಕೆಳಗೆ" ಎಂದೆ.

ವಿದ್ಯುತ್ ಕಚೇರಿಗೆ ಹೋಗಿ ಲೋಡು ಹೆಚ್ಚಿಸಿ ಕೊಡಿ ಎಂದು ಕೇಳಿದೆವು. ಅವರು ಹೇಳಿದ್ದು ಒಂದೇ ಮಾತು: ಹಳೆಯ ವೈರಿಂಗ್ ಪೂರ್ತಿ ತೆಗೆದು ಈಗಿನ ನಿಯಮದ ಪ್ರಕಾರ ಮಾಡಿಸಿ, ಲೈಸೆನ್ಸ್ ಇರುವವರಿಂದ ಸಹಿ ಹಾಕಿಸಿ, ನಾವು ಬಂದು ಪರೀಕ್ಷಿಸುತ್ತೇವೆ, ಆಮೇಲೆ ಲೋಡು. ಅಲ್ಲಿಯವರೆಗೆ ಓವನ್ ಹಾಕಕೂಡದು. ಹೀಗೆ ಓವನ್ ಹಾಲ್‌ನ ಮೂಲೆ ಸೇರಿತು. ಅದರ ಮೇಲೆ ಕ್ರೋಶಾ ಬಟ್ಟೆ, ಬಟ್ಟೆಯ ಮೇಲೆ ಟೆಲಿಫೋನು. ಹಣ ಹೊಂದಿಸುವುದು, ಮಳೆ ನಿಲ್ಲುವುದು ಎಂದು ತಿಂಗಳುಗಳು ಸರಿದವು. ಫೋನು ಮಾಡುವವರೆಲ್ಲ ಅದರ ನೆತ್ತಿಗೆ ಮೊಣಕೈ ಊರಿ ಮಾತಾಡುವಾಗ ಶೀಜ ಬೇರೆ ಕಡೆ ನೋಡುತ್ತಿದ್ದಳು. ಅದೇ ನನಗೆ ಕಷ್ಟವಾಗುತ್ತಿತ್ತು.

ಆದರೂ ಓಣಂ ಮುಗಿಯುತ್ತಿದ್ದಂತೆ ಅವಳು ಒಂದು ಧೈರ್ಯ ಮಾಡಿದಳು. ನನ್ನ ಉಪ್ಪಿನಕಾಯಿಯ ದೊಡ್ಡ ಭರಣಿ ಕೇಳಿ ತೆಗೆದುಕೊಂಡು, ಒಣದ್ರಾಕ್ಷಿ, ಗೋಡಂಬಿ, ಕಿತ್ತಳೆ ಸಿಪ್ಪೆ ಎಲ್ಲ ಸಣ್ಣಗೆ ಹೆಚ್ಚಿ, ರಮ್ಮಿನಲ್ಲಿ ನೆನೆಹಾಕಿದಳು. ಕ್ರಿಸ್‌ಮಸ್ ಕೇಕಿಗೆ. ಬೀದಿಯ ಮನೆಗಳಿಂದ ಆರ್ಡರನ್ನೂ ಹಿಡಿದಳು. ಭರಣಿ ನಮ್ಮ ದೇವರ ಕೋಣೆಯ ಪಕ್ಕದ ಕತ್ತಲೆ ಮೂಲೆಯಲ್ಲಿ ಕೂತಿತು. ಇವರು ಮೊದಲ ದಿನ "ಎಂತದಿದು, ಕಷಾಯವಾ?" ಎಂದು ಮುಚ್ಚಳ ತೆಗೆದು ಮೂಸಿದರು. ಎರಡನೆಯ ದಿನವೂ ಮೂಸಿದರು. ಕಷಾಯ ಸರಿಯಾಗಿ ಇಳಿಯುತ್ತಿದೆಯೇ ಎಂದು ನೋಡುವುದು ಅವರ ನಿತ್ಯಕರ್ಮವಾಯಿತು.

"ವೈರಿಂಗ್ ಡಿಸೆಂಬರಿನೊಳಗೆ ಆಗುತ್ತದಲ್ಲ ಅಮ್ಮಾ?" ಎಂದು ಶೀಜ ಒಂದೇ ಸಲ ಕೇಳಿದಳು. "ಆಗದಿದ್ದರೆ ಎಲ್ಲರಿಗೂ ಇಲ್ಲ ಅಂತ ಹೇಳಬೇಕು. ಒಂದು ಸಲ ಇಲ್ಲ ಅಂದರೆ ಮತ್ತೆ ಯಾರೂ ಕೇಳೋದಿಲ್ಲ."

ಆಗುತ್ತದೆ ಎಂದೆ. ಅಂದಮೇಲೆ ಆಗಲೇಬೇಕು.

ಎಲೆಕ್ಟ್ರೀಷಿಯನ್ ಸುಕುಮಾರನ್ ಬಂದ. ದಪ್ಪ ಮೀಸೆ, ಬಾಯಲ್ಲಿ ಸದಾ ಮಾತು. ಮೊದಲ ದಿನವೇ ನಿಯಮಗಳನ್ನು ಬೆರಳು ಮಡಿಸಿ ಹೇಳಿದ: ಪ್ರತಿ ಪ್ಲಗ್ಗಿಗೂ ಮೂರನೆಯ ತೂತು ಇರಬೇಕು, ಆ ತೂತಿನ ತಂತಿ ಭೂಮಿಗೆ ಇಳಿಯಬೇಕು. ಓವನ್ನಿಗೆ ಬೋರ್ಡಿನಿಂದಲೇ ಬೇರೆ ತಂತಿ. ಸ್ವಿಚ್ಚು ಯಾವತ್ತೂ ಕರೆಂಟು ಬರುವ ತಂತಿಯ ಮೇಲೆ, ವಾಪಸು ಹೋಗುವ ನ್ಯೂಟ್ರಲ್ ಮೇಲೆ ಅಲ್ಲ. ಮೀಟರಿನ ಪಕ್ಕದಲ್ಲಿ ಇಎಲ್‌ಸಿಬಿ ಎಂಬ ಪೆಟ್ಟಿಗೆ. ಎಲ್ಲಾದರೂ ಕರೆಂಟು ಸೋರಿದರೆ, ಯಾರಿಗಾದರೂ ಶಾಕ್ ಹೊಡೆಯುವ ಮೊದಲೇ ಅದರ ಹಿಡಿ ತಾನಾಗಿ ಕೆಳಗೆ ಬಿದ್ದು ಇಡೀ ಮನೆಯ ಕರೆಂಟನ್ನು ನಿಲ್ಲಿಸುತ್ತದೆ.

ಇಷ್ಟು ನಿಯಮಗಳು! ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಇಷ್ಟು ವರ್ಷ ಈ ಮನೆಯಲ್ಲಿ ನಿಯಮ ಮಾಡುವವಳು ನಾನೊಬ್ಬಳೇ, ಮುರಿಯುವವರು ಎಲ್ಲರೂ. ಈಗ ಸರ್ಕಾರವೇ ನನ್ನ ಪಕ್ಷ. ಸುಕುಮಾರನ್ ಹಿಂದೆಯೇ ಕೋಣೆಯಿಂದ ಕೋಣೆಗೆ ಓಡಾಡಿದೆ. ಬಚ್ಚಲಿನ ನಲ್ಲಿಯ ಹತ್ತಿರ ಇವರು ಶೇವಿಂಗ್ ದೀಪಕ್ಕೆಂದು ಹಾಕಿಸಿಕೊಂಡಿದ್ದ ಪ್ಲಗ್ಗನ್ನು ನಾನೇ ತೋರಿಸಿಕೊಟ್ಟೆ.

"ಸಿಸ್ಟರೇ, ನೀವು ನಮ್ಮ ಇನ್‌ಸ್ಪೆಕ್ಟರ್ ಆಗಬೇಕಿತ್ತು" ಎಂದ ಸುಕುಮಾರನ್.

"ಆಗಿದ್ದರೆ ನಿನಗೆ ಲೈಸೆನ್ಸೇ ಸಿಗ್ತಿರಲಿಲ್ಲ" ಎಂದರು ಇವರು, ಪ್ಲಗ್ಗು ಹೋದ ಸಿಟ್ಟಿನಲ್ಲಿ. ನಾವು ಹೊರಗಿನವರೊಡನೆ ಆಡುವುದೆಲ್ಲ ಮಲಯಾಳವೇ. ಕಾಸರಗೋಡಿನ ಎಳೆತ ಮಾತ್ರ ಇವರ ನಾಲಗೆಯನ್ನು ಬಿಟ್ಟಿಲ್ಲ.

ಆ ಮೂರನೆಯ ತಂತಿಯನ್ನು ಭೂಮಿಗಿಳಿಸಲು ಅರ್ಥಿಂಗ್ ಗುಂಡಿ ತೋಡಿದ ದಿನವಂತೂ ಹಬ್ಬ. ಮುರಕಲ್ಲಿನ ನೆಲವನ್ನು ಆಳಕ್ಕೆ ಅಗೆದು, ಮಧ್ಯೆ ಕಬ್ಬಿಣದ ಕೊಳವೆ ನಿಲ್ಲಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು. ನಾನು ಬಗ್ಗಿ ನೋಡುತ್ತ, "ಇನ್ನೂ ಒಂದು ಹಿಡಿ ಹಾಕು, ಮೇಲಿನ ಪದರಕ್ಕೆ ಉಪ್ಪು ಕಡಿಮೆಯಾದರೆ ಬೂಸು ಬರುತ್ತದೆ" ಎಂದುಬಿಟ್ಟೆ. ಮಾವಿನಕಾಯಿಯನ್ನು ಉಪ್ಪಿನಲ್ಲಿ ಹಾಕಿದ ಅಭ್ಯಾಸ. ಸುಕುಮಾರನ್ ಸಲಿಕೆ ಊರಿಕೊಂಡು ನಕ್ಕ. ಆದರೂ ಒಂದು ಹಿಡಿ ಹಾಕಿದ.

ಗೋಡೆಯ ಮರದ ಪಟ್ಟಿಗಳು ಇಳಿದವು. ಹೊಸ ಬೋರ್ಡುಗಳು, ಬಿಳಿಯ ಸ್ವಿಚ್ಚುಗಳು ಬಂದವು. ಪರೀಕ್ಷೆಗೆ ಕಚೇರಿಯವರು ಬರುವ ದಿನ ನಿಗದಿಯಾಯಿತು. ಡಿಸೆಂಬರ್ ಕಾಲಿಟ್ಟಾಗಿತ್ತು. ಇಲ್ಲಿಯವರೆಗೆ ಎಲ್ಲ ಸರಿ.

ಆಗ ಆ ಪೆಟ್ಟಿಗೆ ಬೀಳತೊಡಗಿತು.

ಹಗಲೆಲ್ಲ ಗಟ್ಟಿಯಾಗಿರುತ್ತಿತ್ತು. ಸಂಜೆಯಾದರೆ ಟಪ್! ಇಡೀ ಮನೆ ಕತ್ತಲೆ. ಮೇಲೆತ್ತಿದರೆ ಮತ್ತೆ ಟಪ್. ಹಳೆಯ ಬಾವಿ ಪಂಪಿನ ಮೇಲೆ ಸುಕುಮಾರನ್ ಮೊದಲು ಅನುಮಾನಪಟ್ಟ, ಅದನ್ನು ಬಿಚ್ಚಿಟ್ಟ. ಆ ಸಂಜೆಯೂ ಬಿತ್ತು. ಆಮೇಲೆ ಫ್ರಿಜ್ಜಿನ ಮೇಲೆ. ಅದನ್ನೂ ತೆಗೆದ. ಬಿತ್ತು. ಗೋಡೆಯಲ್ಲಿ ತೇವ ಇದೆ ಎಂದ. ಮರುದಿನ ಬೆಳಿಗ್ಗೆ ಬಂದು ಮನೆಯ ಒಂದೊಂದೇ ಸ್ವಿಚ್ಚು ಹಾಕಿ ಪರೀಕ್ಷಿಸಿದ. ಎಲ್ಲವೂ ಸಾಧು ಹಸುವಿನಂತೆ ನಡೆದುಕೊಂಡವು. "ನಾನು ಹೋದ ಮೇಲೆ ನೀವೇ ಏನೋ ಮಾಡುತ್ತೀರಿ" ಎಂದು ನಮ್ಮ ಮೇಲೆಯೇ ಕಣ್ಣು ಹಾಕಿದ.

ಪರೀಕ್ಷೆಗೆ ಒಂದೇ ದಿನ ಉಳಿಯಿತು. ಶೀಜ ಭರಣಿಯ ಪಕ್ಕದಲ್ಲಿ ಕೆಳಗೆ ಕೂತಿದ್ದಳು. "ಕೇಕು ಅರ್ಧ ಬೆಂದಾಗ ಕರೆಂಟು ಹೋದರೆ ಮಧ್ಯೆ ಕುಸಿಯುತ್ತದೆ ಅಮ್ಮಾ. ಮತ್ತೆ ಏಳೋದಿಲ್ಲ. ಬಿಸಾಡಬೇಕು ಅಷ್ಟೆ. ಹಗಲು ನಾನು ಅಮ್ಮುವನ್ನು ನೋಡಿಕೊಳ್ಳಬೇಕು, ಬೇಯಿಸುವುದು ಸಂಜೆಯೇ" ಎಂದಳು. "ಆರ್ಡರು ಕೊಟ್ಟವರಿಗೆ ಇವತ್ತೇ ಫೋನು ಮಾಡಲಾ?"

"ತಡಿ" ಎಂದೆ. ಸಂಜೆ ಸಂಜೆ! ನನ್ನ ತಲೆಯಲ್ಲಿ ಏನೋ ಎದ್ದು ಕೂತಿತು. ವಾರ್ಡಿನಲ್ಲಿ ಹಗಲು ಆರಾಮಾಗಿದ್ದು ಸಂಜೆ ಮಾತ್ರ ಜ್ವರ ಏರುವ ರೋಗಿಯನ್ನು ಯಾವ ಸಿಸ್ಟರಾದರೂ ಬಿಡುತ್ತಾಳೆಯೇ? ಅಂಥ ಜ್ವರಕ್ಕೆ ಮಾತ್ರೆಗಿಂತ ಮೊದಲು ಬೇಕಾದದ್ದು ಕಾವಲು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರಬೇಕು.

ಆ ಸಂಜೆ ಪೆಟ್ಟಿಗೆಯ ಕೆಳಗೆ ಕುರ್ಚಿ ಹಾಕಿದೆ. ಎಲ್ಲರೂ ದಿನದಂತೆಯೇ ನಡೆದುಕೊಳ್ಳಬೇಕು, ಆದರೆ ಮಾಡುವುದನ್ನು ಕೂಗಿ ಹೇಳಬೇಕು ಎಂದು ಆಜ್ಞೆ ಕೊಟ್ಟೆ. ಸುಕುಮಾರನ್ ಬಾಗಿಲಿಗೆ ಒರಗಿ ನಿಂತ.

"ಹಾಲ್‌ನ ದೀಪ!" ಎಂದಳು ಶೀಜ. ಏನೂ ಆಗಲಿಲ್ಲ.

"ಟಿವಿ ಇಟ್ಟು!" ಎಂದಳು ಅಮ್ಮು. ನಾನು ಕನ್ನಡದಲ್ಲಿ ಏನೇ ಕೇಳಿದರೂ ಅವಳ ಉತ್ತರ ಮಲಯಾಳ. ಟಿವಿ ಹಾಕಿದೆ ಎಂದು ಅರ್ಥ. ಏನೂ ಆಗಲಿಲ್ಲ.

"ಬಾವಿಯ ದೀಪ!" ಎಂದರು ಇವರು ಹಿಂದಿನ ಜಗಲಿಯಿಂದ. ಏನೂ ಆಗಲಿಲ್ಲ. ಇವರು ಬಂದು ಕೂತು ಚಹಾ ಬಸಿಗೆ ಹೊಯ್ದುಕೊಂಡರು. ಯಾರೂ ಯಾವುದನ್ನೂ ಮುಟ್ಟುತ್ತಿಲ್ಲ. ಸುಕುಮಾರನ್ ಮೀಸೆ ಮುಟ್ಟಿಕೊಂಡು, "ನೋಡಿದಿರಾ, ನಾನಿದ್ದರೆ..." ಎಂದ.

ಟಪ್!

ಮನೆಯೆಲ್ಲ ಕತ್ತಲೆ. "ನಾನಲ್ಲ ಮಾರಾಯ್ತಿ, ನನ್ನ ಎರಡೂ ಕೈಯಲ್ಲಿ ಬಸಿ ಉಂಟು!" ಎಂದು ಇವರು ಕೂಗಿದರು. ಅಮ್ಮು ಖುಷಿಯಿಂದ ಕಿರುಚಿದಳು. ಎಲ್ಲರೂ ಸುಮ್ಮನಾದಾಗ, ಪಕ್ಕದ ಮನೆಯಿಂದ ಸಂಜೆಯ ಪ್ರಾರ್ಥನೆ ಕೇಳಿಸಿತು, ಆಗಷ್ಟೇ ಶುರುವಾಗಿತ್ತು. ನಾವು ಅಕ್ಕನೆಂದೇ ಕರೆಯುವ ಏಲಿಯಮ್ಮ ಚೇಚ್ಚಿಯ ದನಿ ಮುಂದೆ, ಅವರ ಗಂಡ ಪೌಲೋಸ್ ಚೇಟ್ಟನ ದನಿ ಹಿಂದೆ.

ನಿನ್ನೆಯೂ ಕತ್ತಲೆಯಾದೊಡನೆ ಕೇಳಿಸಿದ್ದು ಈ ಪ್ರಾರ್ಥನೆಯೇ. ಮೊನ್ನೆಯೂ ಅದೇ.

"ಪ್ರಾರ್ಥನೆಗೆ ಕೂರುವ ಮೊದಲು ಅವರು ಏನು ಮಾಡುತ್ತಾರೆ?" ಎಂದು ಕೇಳಿದೆ.

"ಎಂತ ಮಾಡ್ತಾರೆ? ಕೈಕಾಲು ತೊಳೀತಾರೆ. ಅವರ ಬದಿಯ ಬಾವಿ ಸ್ವಿಚ್ಚು ಹಾಕ್ತಾರೆ. ಕೂತುಕೊಳ್ತಾರೆ" ಎಂದರು ಇವರು.

"ಅವರ ಬದಿಯ ಸ್ವಿಚ್ಚು?" ಎಂದ ಸುಕುಮಾರನ್. ಅವನ ದನಿಯೇ ಬದಲಾಗಿತ್ತು. "ಒಂದು ದೀಪಕ್ಕೆ ಎರಡು ಮನೆಯಲ್ಲಿ ಸ್ವಿಚ್ಚಾ, ರಾವ್ ಸಾರೇ? ನಾನು ಕೇಳಿದಾಗ ಬಾವಿ ದೀಪದ ಇನ್ನೊಂದು ತಂತಿ ಸರಿಯಾಗಿದೆ ಎಂದಿರಲ್ಲ?"

"ಸರಿಯಾಗಿಯೇ ಉಂಟು. ಅದು ಪೌಲೋಸನ ಮನೆಯಿಂದ ಬರ್ತದೆ."

ಇದರ ಹಿಂದೆ ಒಂದು ಚರಿತ್ರೆ ಇದೆ. ಬಾವಿ ಎರಡು ಮನೆಗಳ ಗಡಿಯಲ್ಲಿದೆ. ಕಂಪೌಂಡು ಗೋಡೆ ಕಟ್ಟುವಾಗ ಅದರ ಪಾಯ ಯಾರ ಕಡೆ ಎಷ್ಟು ಸರಿಯಬೇಕು ಎಂದು ಗಂಡಸರಿಬ್ಬರಿಗೂ ಜಗಳವಾಯಿತು. ಮಾತು ಬಿಟ್ಟರು. ಇಬ್ಬರಿಗೂ ಏಲೂರಿನ ಅದೇ ಕಾರ್ಖಾನೆ, ಅದೇ ಬಸ್ಸು. ಅದರಲ್ಲೂ ಒಬ್ಬರು ಎಡ ಕಿಟಕಿ ನೋಡಿದರೆ ಇನ್ನೊಬ್ಬರು ಬಲ ಕಿಟಕಿ. ನಾನೂ ಏಲಿಯಮ್ಮನೂ ಬಾವಿಯ ಆಚೆ ಈಚೆ ನಿಂತು ಎಂದಿನಂತೆ ಮೀನಿನ ಬೆಲೆ, ಸೊಪ್ಪಿನ ಬೆಲೆ ಮಾತಾಡುತ್ತಿದ್ದೆವು. ಒಂದು ಸಂಜೆ ಕತ್ತಲಲ್ಲಿ ಗಂಡಸರಿಬ್ಬರೂ ಒಟ್ಟಿಗೇ ಕೊಡ ಇಳಿಸಿ, ಒಳಗೆ ಹಗ್ಗಕ್ಕೆ ಹಗ್ಗ ಸುತ್ತಿಕೊಂಡು, ಬಿಡಿಸಲು ಮಾತಾಡಲೇಬೇಕಾಯಿತು. ಮಾತು ದೀಪಕ್ಕೆ ಬಂತು. ಯಾರ ದೀಪ? ನಿಮ್ಮ ಬೆಳಕಿನಲ್ಲಿ ನಾನು ನೀರು ಸೇದುವುದಿಲ್ಲ ಎಂದು ಇವರು. ನಿಮ್ಮದರಲ್ಲಿ ನಾನೂ ಇಲ್ಲ ಎಂದು ಅವರು. ಕೊನೆಗೆ ಮಹಾ ಒಪ್ಪಂದವಾಯಿತು. ದೀಪಕ್ಕೆ ಬೇಕಾದದ್ದು ಎರಡು ತಂತಿ: ಒಂದು ನಮ್ಮದು, ಒಂದು ಅವರದು. ಸ್ವಿಚ್ಚೂ ಎರಡು, ಮನೆಗೊಂದು. ಎರಡೂ ಮನೆಯವರು ಒಪ್ಪಿ ಹಾಕಿದರೆ ಮಾತ್ರ ಅದು ಹತ್ತುತ್ತದೆ. ಇಷ್ಟು ವರ್ಷ ಹತ್ತುತ್ತಲೇ ಬಂದಿತ್ತು. ನಮ್ಮವರು ಅದನ್ನು ತಮ್ಮ ಜೀವಮಾನದ ಸಾಧನೆ ಎಂದು ಬಂದ ನೆಂಟರಿಗೆಲ್ಲ ತೋರಿಸುತ್ತಿದ್ದರು.

ಸುಕುಮಾರನ್ ಬಾವಿಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕ. "ಆ ಪೆಟ್ಟಿಗೆ ಹೋದದ್ದನ್ನೂ ಬಂದದ್ದನ್ನೂ ತೂಗಿ ನೋಡುತ್ತದೆ ಸಿಸ್ಟರೇ. ನಿಮ್ಮ ಮನೆಯಿಂದ ಹೋದ ಕರೆಂಟು ಪೌಲೋಸ್ ಚೇಟ್ಟನ ಮನೆಯ ಮೂಲಕ ವಾಪಸು ಹೋದರೆ, ಪಾಪ, ಅದು ಯಾರೋ ಶಾಕ್ ಹೊಡೆಸಿಕೊಂಡರು ಎಂದೇ ತಿಳಿಯುತ್ತದೆ. ಅವರ ಸ್ವಿಚ್ಚು ಇರುವುದೂ ನ್ಯೂಟ್ರಲ್ ಮೇಲೆ. ಇದನ್ನು ಕತ್ತರಿಸಲೇಬೇಕು."

ನನಗಂತೂ ಕುಣಿಯಬೇಕೆನಿಸಿತು. ರೋಗ ಸಿಕ್ಕಿತು! ಆದರೆ ಇವರು ಮುಖ ಗಂಟಿಕ್ಕಿದರು. "ಅದನ್ನು ಕತ್ತರಿಸ್ಲಿಕ್ಕೆ ಆಗುದಿಲ್ಲ. ಕಚೇರಿಯವರು ಬರುದು ಬೆಳಿಗ್ಗೆ, ದೀಪ ಹಾಕುದು ಸಂಜೆ. ಅವರಿಗೆ ಗೊತ್ತಾಗ್ಲಿಕ್ಕೆ ಉಂಟಾ?"

"ಡಾಕ್ಟರು ರೌಂಡ್ಸಿಗೆ ಬಂದಾಗ ಜ್ವರ ಇಳಿದಿದ್ದರೆ ಸಾಕಾ? ಅವರು ಹೋದ ಮೇಲೆ ರೋಗಿ ಏನು ಮಾಡಬೇಕು?" ಎಂದೆ. "ಅವಳ ಕೇಕು ಕುಸಿದರೆ ನಿಮ್ಮ ಒಪ್ಪಂದವನ್ನು ಬೇಯಿಸಿ ಕಳಿಸುತ್ತೀರಾ?"

ಅಷ್ಟರಲ್ಲಿ ಪ್ರಾರ್ಥನೆ ಮುಗಿಸಿ ಪೌಲೋಸ್ ಚೇಟ್ಟ ಗೋಡೆಯ ಆಚೆ ಕಾಣಿಸಿಕೊಂಡರು. ವಿಷಯ ತಿಳಿದು ಅವರ ಮುಖವೂ ಗಂಟಾಯಿತು.

"ನನ್ನ ತಂತಿಯಲ್ಲಿ ದೋಷವೋ, ರಾವ್ ಸಾರೇ?"

"ನಿಮ್ಮದರಲ್ಲೂ ಇಲ್ಲ, ನಮ್ಮದರಲ್ಲೂ ಇಲ್ಲ. ಒಟ್ಟಿಗೆ ಇರುವುದೇ ದೋಷವಂತೆ."

"ಹಾಗಾದರೆ ನೀವು ತೆಗೆಯಿರಿ. ಎರಡೂ ತಂತಿ ನಾನೇ ಕೊಡುತ್ತೇನೆ."

"ಅದು ಹೇಗೆ? ಎರಡೂ ನಾನೇ ಕೊಡುತ್ತೇನೆ."

"ನಿಮ್ಮ ಬೆಳಕಿನಲ್ಲಿ ನಾನು ನೀರು ಸೇದುವುದಿಲ್ಲ ಸಾರೇ, ಆವತ್ತೇ ಹೇಳಿದ್ದೇನೆ."

ಮತ್ತೆ ಅದೇ ಎಡ ಕಿಟಕಿ, ಬಲ ಕಿಟಕಿ. ಶೀಜ ನನ್ನ ಮುಖ ನೋಡಿದಳು. ಏಲಿಯಮ್ಮ ಚೇಚ್ಚಿ ಆಚೆಯಿಂದ, "ಸಿಸ್ಟರೇ, ಇವರಿಬ್ಬರನ್ನೂ ಬಾವಿಗೆ ಇಳಿಸಿ, ಬೆಳಕು ಯಾರದೆಂದು ಅಲ್ಲಿಂದ ಹೇಳಲಿ" ಎಂದರು.

ನಾನು ಕೈ ತಟ್ಟಿದೆ. ವಾರ್ಡಿನಲ್ಲಿ ತಟ್ಟುತ್ತಿದ್ದಂತೆ, ಒಂದೇ ಸಲ. ಗಂಡಸರಿಬ್ಬರೂ ನೆಟ್ಟಗಾದರು. "ಇಬ್ಬರು ನರ್ಸುಗಳು ಒಂದೇ ರೋಗಿಗೆ ಜಗಳವಾಡಿದರೆ ನಾನು ಏನು ಮಾಡುತ್ತಿದ್ದೆ ಗೊತ್ತಾ? ಡ್ಯೂಟಿ ಹಂಚುತ್ತಿದ್ದೆ. ಬಾವಿ ದೀಪದ ಕಂಬಕ್ಕೆ ಎರಡು ಬಲ್ಬು. ಒಂದು ಪೂರ್ತಿ ನಮ್ಮದು, ಒಂದು ಪೂರ್ತಿ ನಿಮ್ಮದು. ಸೋಮವಾರ ನಮ್ಮ ಡ್ಯೂಟಿ, ಮಂಗಳವಾರ ನಿಮ್ಮದು. ಹೀಗೆ ಶನಿವಾರದವರೆಗೆ."

ಇಬ್ಬರೂ ಮನಸ್ಸಿನಲ್ಲೇ ದಿನಗಳನ್ನು ಹಂಚಿಕೊಂಡು ನೋಡುತ್ತಿರುವುದು ಕಾಣುತ್ತಿತ್ತು. ಮೋಸವೇನೂ ಸಿಗಲಿಲ್ಲ.

"ಭಾನುವಾರ?" ಎಂದರು ಪೌಲೋಸ್ ಚೇಟ್ಟ, ಕಣ್ಣು ಕಿರಿದು ಮಾಡಿ.

ಅದನ್ನು ನಾನು ಯೋಚಿಸಿರಲಿಲ್ಲ. ಉತ್ತರ ಬಂದದ್ದು ಶೀಜಳಿಂದ. "ಭಾನುವಾರ ಎರಡೂ ಉರಿಯಲಿ ಅಂಕಲೇ. ಬಾವಿ ನೋಡಲು ಜನ ಬರಲಿ."

ಪೌಲೋಸ್ ಚೇಟ್ಟ ಇವರನ್ನು ನೋಡಿದರು. ಇವರು ಅವರನ್ನು ನೋಡಿದರು. "ಶರಿ" ಎಂದರು ಒಬ್ಬರು. "ಶರಿ" ಎಂದರು ಇನ್ನೊಬ್ಬರು. ಆದರೆ ಹಳೆಯ ತಂತಿಯನ್ನು ಮೊದಲು ಯಾರು ಕತ್ತರಿಸುವುದು? ಒಪ್ಪಂದ ಮುರಿದವರು ಎಂಬ ಹೆಸರು ಯಾರಿಗೂ ಬೇಡ. ಎರಡೂ ಮನೆಯ ಮೈನ್ ಸ್ವಿಚ್ಚು ಆರಿಸಿದೆಯೇ ಎಂದು ನಾನು ನಡೆದುಹೋಗಿ ಕಣ್ಣಾರೆ ನೋಡಿ ಬಂದೆ. ಸುಕುಮಾರನ್ ತನ್ನ ಕಟಿಂಗ್ ಪ್ಲೇಯರನ್ನು ಒಬ್ಬರಿಗೆ ಕೊಟ್ಟ, ಇನ್ನೊಬ್ಬರಿಗೆ ಏಲಿಯಮ್ಮ ಮನೆಯೊಳಗಿಂದ ಒಂದು ತಂದರು. ಗೋಡೆಯ ಆಚೆ ಒಂದು ಏಣಿ, ಈಚೆ ಒಂದು ಏಣಿ. ಟಾರ್ಚು ಹಿಡಿದ ಅಮ್ಮು "ಒನ್, ಟೂ, ತ್ರೀ" ಎಂದಳು. ಎರಡು ತಂತಿಗಳೂ ಒಂದೇ ಸಲ ಕೆಳಗೆ ಬಿದ್ದವು. ಏಣಿಯ ಮೇಲಿದ್ದ ಇಬ್ಬರು ಮುದುಕರೂ ಬಗ್ಗಿ ಬಿದ್ದ ತಂತಿಗಳನ್ನು ನೋಡಿದರು. ಆಮೇಲೆ ಪೌಲೋಸ್ ಚೇಟ್ಟ, "ಹುಷಾರು ಸಾರೇ, ಕೊನೆಯ ಮೆಟ್ಟಿಲು ಅಲ್ಲಾಡುತ್ತಿದೆ" ಎಂದರು.

ಮರುದಿನ ಬೆಳಿಗ್ಗೆ ವಿದ್ಯುತ್ ಕಚೇರಿಯ ಓವರ್ಸಿಯರ್ ಬಂದ. ಕಡಿಮೆ ಮಾತಿನವ. ನನಗೆ ಹಿಡಿಸಿದ. ಪೆಟ್ಟಿಗೆಯ ಪರೀಕ್ಷೆಯ ಗುಂಡಿ ಒತ್ತಿದ. ಕರೆಂಟು ಟಪ್ಪೆಂದು ಹೋಯಿತು. ನಾವೆಲ್ಲ ಚಪ್ಪಾಳೆ ತಟ್ಟಿದ್ದು ನೋಡಿ ಅವನು ಸ್ವಲ್ಪ ಹೆದರಿದನೆಂದು ಕಾಣುತ್ತದೆ. ಪ್ಲಗ್ಗುಗಳನ್ನು ನೋಡಿದ, ಅರ್ಥಿಂಗ್ ಗುಂಡಿ ನೋಡಿದ, ಉಪ್ಪಿನ ವಿಷಯ ನಾನು ಹೇಳಿದ್ದನ್ನು ತಾಳ್ಮೆಯಿಂದ ಕೇಳಿದ. ಹಿತ್ತಿಲಿಗೆ ಬಂದು, ಬರಿಯ ಕಂಬದ ಎರಡು ಕಡೆ ಜೋತುಬಿದ್ದ ತಂತಿಯ ತುಂಡುಗಳನ್ನು ತೋರಿಸಿ, "ಇಲ್ಲಿ ಏನಿತ್ತು?" ಎಂದ.

ಇಸ್ತ್ರಿಯ ಅಂಗಿ ಹಾಕಿಕೊಂಡು ಬೆಳಗಿನಿಂದ ಗೋಡೆಯ ಆಚೆ ಕಾದಿದ್ದ ಪೌಲೋಸ್ ಚೇಟ್ಟ ಗಂಭೀರವಾಗಿ, "ಸ್ನೇಹ ಇತ್ತು ಸಾರೇ. ಈಗ ಅದಕ್ಕೆ ಬೇರೆ ವೈರಿಂಗ್ ಮಾಡಿಸುತ್ತಿದ್ದೇವೆ" ಎಂದರು.

ಓವರ್ಸಿಯರ್ ಮತ್ತೇನೂ ಕೇಳದೆ ಸಹಿ ಹಾಕಿದ.

ಲೋಡು ಮಂಜೂರಾದ ಮೇಲಿನ ಮೊದಲ ಭಾನುವಾರ, ಟೆಲಿಫೋನನ್ನು ಇಳಿಸಿ, ಬಟ್ಟೆ ತ್ಯಜಿಸಿ, ಓವನ್ ಅಡುಗೆಮನೆಗೆ ಹೋಯಿತು. ಪ್ರಸಾದನೂ ಸುಕುಮಾರನೂ ಹೊತ್ತರು. ಇವರು ಹಿಂದೆ ಮುಂದೆ ಓಡಾಡಿ ಭಾರ ಹೆಚ್ಚಿಸಿದರು. ಶೀಜ ಭರಣಿ ತೆರೆದಳು. ಇಡೀ ಮನೆ ಘಮ್ಮೆಂದಿತು. ಸಂಜೆ ಮೊದಲ ಟ್ರೇ ಒಳಗೆ ಹೋದಾಗ ಅಡುಗೆಮನೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಹೊರಗೆ ಎರಡು ಬಲ್ಬುಗಳ ಕೆಳಗೆ ಬಾವಿ ಮದುವೆಮನೆಯ ಹಾಗೆ ಹೊಳೆಯುತ್ತಿತ್ತು. ಏಲಿಯಮ್ಮ ಚೇಚ್ಚಿ ಪ್ರಾರ್ಥನೆಯನ್ನು ಸ್ವಲ್ಪ ಮೊಟಕು ಮಾಡಿ ಬಂದೆ ಎಂದು ಒಪ್ಪಿಕೊಂಡರು. ಎಲ್ಲರ ಕಣ್ಣೂ ಪೆಟ್ಟಿಗೆಯ ಮೇಲೆ, ಕಿವಿಯೂ ಅದರ ಮೇಲೆ. ಅದು ಬೀಳಲಿಲ್ಲ.

ಶೀಜ ಮಾತ್ರ ಓವನಿನ ಗಾಜಿನ ಮುಂದೆ ಮಂಡಿಯೂರಿ ಕೂತವಳು ಕದಲಲಿಲ್ಲ. ಬೆನ್ನು ನೋಡಿದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ತಿಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಒಮ್ಮೆಲೇ ಎದ್ದು, ನಮ್ಮನ್ನೆಲ್ಲ ತಳ್ಳಿಕೊಂಡು ಓಡಿ, ತಿರುವನಂತಪುರಕ್ಕೆ ತಾಯಿಗೆ ಫೋನು ಮಾಡಿದಳು. "ಪೊಙ್ಙಿ ಅಮ್ಮೇ! ಪೊಙ್ಙಿ!" ಉಬ್ಬಿತು, ಉಬ್ಬಿತು ಎಂದು. ಅಷ್ಟೇ ಅವಳ ಬಾಯಿಂದ ಬಂದದ್ದು. ಮುಂದೆ ಅಳುವೋ ನಗುವೋ. ಆ ಕಡೆಯಿಂದ ಬೀಗಿತ್ತಿ ಗಾಬರಿಯಾಗಿ ಏನಾಯಿತು, ಏನಾಯಿತು ಎಂದು ಕೇಳುವುದು ನನಗೂ ಕೇಳಿಸುತ್ತಿತ್ತು. ಶೀಜ ರಿಸೀವರನ್ನು ನನ್ನ ಕೈಗೆ ತುರುಕಿ, ಮತ್ತೆ ಗಾಜಿನ ಮುಂದೆ ಹೋಗಿ ಕೂತಳು.

ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ. ಹೆರಿಗೆ ಕೋಣೆಯ ಬಾಗಿಲು ತೆರೆದು, ಕಾದು ನಿಂತ ಮನೆಯವರಿಗೆ ಹೇಳುವ ಆ ದನಿ ತಾನಾಗಿಯೇ ಬಂತು.

"ಗಾಬರಿಯಾಗಬೇಡಿ. ಎಲ್ಲ ಸುಖವಾಗಿ ಆಯಿತು" ಎಂದೆ. "ಮೈಕೈ ತುಂಬಿಕೊಂಡಿದೆ, ಬಣ್ಣ ಚೆನ್ನಾಗಿದೆ. ತಾಯಿಯೂ ಆರೋಗ್ಯವಾಗಿದ್ದಾಳೆ."